ಕನ್ನಡಿಯ ಮುಂದೆ ಎರಡು ಮೊಗ್ಗಿನ ಜಡೆ

ಮಕ್ಕಳ ಫೋಟೋ ತೆಗೆಯುವವರಿಗೆ ತುಂಬಾ ತಾಳ್ಮೆ ಇರಬೇಕು ಎಂದು ನೋಡಿದವರೆಲ್ಲ ಹೇಳುತ್ತಾರೆ. ನನಗೆ ಸಾಸಿವೆ ಕಾಳಿನಷ್ಟೂ ಇಲ್ಲ. ತುಮಕೂರಿನಲ್ಲಿ ಸ್ಟುಡಿಯೋ ಇಟ್ಟು ಹನ್ನೆರಡು ವರ್ಷವಾಯಿತು, ಅಷ್ಟರಲ್ಲಿ ನನ್ನ ಕೈಲಿ ಬೈಸಿಕೊಳ್ಳದ ಅಪ್ಪ ಅಮ್ಮಂದಿರು ಕಡಿಮೆ. ಮಕ್ಕಳನ್ನು ಮಾತ್ರ ಬೈಯುವುದಿಲ್ಲ. ಮಗು ಅಳುತ್ತದೆ, ಉಚ್ಚೆ ಹೊಯ್ಯುತ್ತದೆ, ಲೆನ್ಸಿಗೆ ಬಿಸ್ಕತ್ತು ತಿನ್ನಿಸಲು ಬರುತ್ತದೆ, ಇನ್ನೇನು ಮಾಡೀತು? ಆದರೆ ಅದರ ಸುತ್ತ ಐದು ಜನ ದೊಡ್ಡವರು ನಿಂತು, ಐದು ದಿಕ್ಕಿನಿಂದ ಚಪ್ಪಾಳೆ ತಟ್ಟುತ್ತ, "ಇಲ್ನೋಡು ಪುಟ್ಟಾ, ಇಲ್ಲಿ, ಆಂಟಿ ಕಡೆ ನೋಡು" ಎಂದು ಕೂಗುತ್ತಾರಲ್ಲ, ಆಗ ಪಿತ್ತ ನೆತ್ತಿಗೇರುತ್ತದೆ. "ನೀವೆಲ್ಲ ಹೊರಗೆ ಹೋಗಿ ಕಾಫಿ ಕುಡೀರಿ, ಮಗೂ ನಾನೂ ಮಾತಾಡ್ಕೋತೀವಿ" ಎಂದು ಬಾಗಿಲು ತೋರಿಸುತ್ತೇನೆ. ಆದರೂ ಜನ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಹೋದ ವರ್ಷ ಕುಣಿಗಲ್ ಕೆರೆ ಏರಿಯ ಮೇಲೆ ಹದಿನಾಲ್ಕು ಜನರ ಸಂಸಾರವೊಂದನ್ನು ನಿಲ್ಲಿಸಿಕೊಂಡು ಒಂದೂವರೆ ಗಂಟೆ ಒದ್ದಾಡಿದೆ. ಎಲ್ಲರ ಕಣ್ಣೂ ತೆರೆದಿದ್ದರೆ ಮಗು ನಿದ್ದೆ, ಮಗು ಎದ್ದರೆ ಚಿಕ್ಕಪ್ಪ ಫೋನಿನಲ್ಲಿ. ಮನೆಯ ಅಜ್ಜ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ಹಾಗೆ ಬಿಗಿದುಕೊಂಡು ನಿಂತಿದ್ದರು. "ಸ್ವಲ್ಪ ನಗಿ ಅಜ್ಜಾ" ಎಂದರೆ, "ನಗೋವಂಥದ್ದು ಏನಾಯ್ತು ಈಗ?" ಎಂದರು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಮೇಕೆಯೊಂದು ದೊಡ್ಡ ಸೊಸೆಯ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು ನೋಡಿ! ಅವರನ್ನು ನೋಡಿ ಮಿಕ್ಕ ಹದಿಮೂರು ಜನವೂ ನಕ್ಕರು. ನಾನು ಬಟನ್ ಒತ್ತಿದೆ. ಅಂಥದ್ದೊಂದು ಸಿಕ್ಕಿಬಿಟ್ಟರೆ ವಾರವಿಡೀ ನನಗೆ ಊಟ ರುಚಿಸುತ್ತದೆ.

ಆದರೂ ನಿನ್ನ ಸ್ಟುಡಿಯೋದ ಒಂದೇ ಒಂದು ಫೋಟೋ ತೋರಿಸು ಎಂದು ಯಾರಾದರೂ ಕೇಳಿದರೆ, ನಾನು ತೆಗೆಯದ ಒಂದನ್ನು ತೋರಿಸುತ್ತೇನೆ. ಅದರ ಕತೆ ಹೀಗಿದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

"ಗುಬ್ಬಿ ಸ್ಟುಡಿಯೋದೋರ ಮಗ್ಳೇನವ್ವ ನೀನು?"

"ಹೌದು. ಯಾರು ಮಾತಾಡ್ತಿರೋದು?"

"ನಿಮ್ಮಪ್ಪ ಅವ್ರಾ ಇನ್ನೂವೆ?"

ಬೆಳಗೆದ್ದು ಕೇಳುವ ಮಾತೇ ಇದು! "ಇದಾರೆ, ಗುಂಡುಕಲ್ಲಿನಂಗೆ ಇದಾರೆ. ಯಾಕೆ?" ಎಂದೆ, ಸ್ವಲ್ಪ ಜೋರಾಗಿಯೇ.

"ಇದ್ರೆ ಸರಿ ಬುಡು. ನಾನು ಹಾಗಲವಾಡಿಯಿಂದ ಮಾತಾಡ್ತಿರೋದು. ನಮ್ ಮೊಮ್ಮಗಂದು ಮುಡಿ ಕೊಡೋದೈತೆ. ಜಡೆ ಫೋಟೋ ತೆಗೀಬೇಕು, ನಿಮ್ಮಪ್ಪನ ಕನ್ನಡಿ ಮುಂದೇನೇ ತೆಗೀಬೇಕು. ನನ್ ಮಗಂದು ಅವತ್ತು ಹಾಳಾಗೋಯ್ತು. ಇವಂದಾರೂ ಆಗ್ಲಿ."

ನಮ್ಮ ಕಡೆ ಮಗುವಿನ ಮೊದಲ ಕೂದಲನ್ನು ಮನೆದೇವರಿಗೆ ಕೊಡುವ ಮುಂಚೆ, ಗಂಡುಮಗುವಾದರೂ ಸರಿಯೇ, ಒಂದು ಸಲ ಜಡೆ ಹೆಣೆದು, ಉದ್ದಕ್ಕೂ ಮಲ್ಲಿಗೆ ಮೊಗ್ಗು ಪೋಣಿಸಿ, ಲಂಗ ಹಾಕಿ ಫೋಟೋ ತೆಗೆಸುತ್ತಾರೆ. ಮುಖವೂ ಕಾಣಬೇಕು, ಬೆನ್ನಿನ ಮೇಲಿನ ಜಡೆಯೂ ಕಾಣಬೇಕು, ಹಾಗಾಗಿ ಮಗುವಿನ ಹಿಂದೆ ಆಳೆತ್ತರದ ಕನ್ನಡಿ. ಕ್ಯಾಮೆರಾ ಹಿಡಿದವರು ಓರೆಯಾಗಿ, ಕನ್ನಡಿಗೆ ಸಿಗದ ಜಾಗದಲ್ಲಿ ನಿಲ್ಲಬೇಕು. "ಕನ್ನಡೀಲಿ ಜಡೆ ಕಾಣ್ಬೇಕು, ನಾವು ಕಾಣ್ಬಾರ್ದು" ಎನ್ನುವುದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಮುಡಿ ಕೊಟ್ಟ ಮೇಲೆ ಮಗುವಿನ ತಲೆ ಬೋಳು, ಫೋಟೋ ಕೆಟ್ಟರೆ ಮತ್ತೊಮ್ಮೆ ತೆಗೆಯುವ ಮಾತೇ ಇಲ್ಲ.

ಅಪ್ಪನ ಸ್ಟುಡಿಯೋ ಇದ್ದದ್ದು ಗುಬ್ಬಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ. ಅದು ಮುಚ್ಚಿ ಎಷ್ಟೋ ವರ್ಷವಾದರೂ ಕನ್ನಡಿಗೆ ಬೆಡ್‌ಶೀಟು ಹೊದಿಸಿ ಅಪ್ಪ ಹಾಗೇ ಇಟ್ಟುಕೊಂಡಿದ್ದಾನೆ. ಅವತ್ತು ಸಂಜೆಯೇ ಗುಬ್ಬಿಗೆ ಹೋಗಿ ವಿಷಯ ಹೇಳಿದೆ. ಹಾಗಲವಾಡಿ ಎಂದೊಡನೆ ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

"ಮೂವತ್ತು ವರ್ಷದ್ ಮಾತು ಕಣೇ ಅದು" ಎಂದ. "ಆ ಹುಡ್ಗ ಏನ್ ಅಳ್ತಿದ್ದ ಅಂತೀಯ, ಸೂರು ಹಾರ್ಹೋಗಂಗೆ."

ರೀಲಿನ ಕಾಲದಲ್ಲಿ ಅಳುವ ಮಕ್ಕಳಿಗೆ ಅಪ್ಪನ ಹತ್ತಿರ ಒಂದು ಉಪಾಯವಿತ್ತು. ರೀಲು ಹಾಕದ ಕ್ಯಾಮೆರಾ ಹಿಡಿದು ನಾಲ್ಕೈದು ಸಲ ಸುಮ್ಮನೆ ಫ್ಲ್ಯಾಶ್ ಹೊಡೆಯುವುದು. ಮಗು ಬೆಳಕಿಗೆ ಒಗ್ಗಿಕೊಂಡ ಮೇಲೆ ರೀಲು ಹಾಕಿ ನಿಜವಾದ ಫೋಟೋ ತೆಗೆಯುವುದು. ಅವತ್ತು ಐದನೇ ಸಲಕ್ಕೆ ಆ ಹುಡುಗ ಇದ್ದಕ್ಕಿದ್ದಂತೆ ನಕ್ಕುಬಿಟ್ಟನಂತೆ. ಕನ್ನಡಿಯಲ್ಲಿ ಜಡೆಯೂ ಎಷ್ಟು ಚೆನ್ನಾಗಿ ಬಿತ್ತೆಂದರೆ, ಅಪ್ಪ ಖುಷಿಯಲ್ಲಿ ಮೈಮರೆತು ಮೇಲಿಂದ ಮೇಲೆ ಹತ್ತು ಸಲ ಒತ್ತಿದ. ರೀಲು ಮೇಜಿನ ಮೇಲೆ ಡಬ್ಬಿಯಲ್ಲೇ ಕೂತಿತ್ತು. ಅದು ಕಣ್ಣಿಗೆ ಬಿದ್ದಾಗ ಅವರು ಬಸ್ಸು ಹತ್ತಿ ಹೋಗಿಯಾಗಿತ್ತು, ಮಾರನೇ ದಿನ ಬೆಳಿಗ್ಗೆಯೇ ಮುಡಿ.

"ಎಂಟು ದಿನ ಬಿಟ್ಟು ಆಯಮ್ಮ ಬಂದ್ಲು. ರೀಲು ತೊಳೆಯುವಾಗ ಹಾಳಾಯ್ತು ಅಂದ್ಬಿಟ್ಟೆ. ಒಂದು ಮಾತೂ ಆಡ್ದೆ ಹೋದ್ಲು ಕಣೇ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು."

"ಅಲ್ಲಪ್ಪಾ, ನಿಜ ಹೇಳೋಕೆ ಏನ್ ರೋಗ ಬಂದಿತ್ತು ನಿಂಗೆ?"

"ಹೆಸ್ರು ಹೋಗುತ್ತೆ ಅಂತ ಹೆದ್ರಿದೆ."

"ಈಗ್ಲಾದ್ರೂ ಹೇಳು."

"ನನ್ ಕೈಲಾಗಲ್ಲ. ನೀನ್ ಚೆನ್ನಾಗಿ ತೆಗ್ದು ಕಳ್ಸು" ಎಂದು ಎದ್ದು ಹಿತ್ತಲಿಗೆ ಹೋದ. ಊರಿಗೆಲ್ಲ ಬುದ್ಧಿ ಹೇಳುವ ಅಪ್ಪ ತಲೆ ತಗ್ಗಿಸಿಕೊಂಡು ಹೋಗುವುದು ನೋಡಿ ನನಗೆ ಸಿಟ್ಟೂ ಬಂತು, ಕರುಳೂ ಚುರಕ್ಕೆಂದಿತು.

ಮುಡಿಯ ಹಿಂದಿನ ದಿನ ಭಾನುವಾರ. ನಾನು ಬೆಳಿಗ್ಗೆಯೇ ಹೋಗಿ ಕನ್ನಡಿ ಒರೆಸಿ, ಲೈಟು ಹೂಡಿ, ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇದೆಯೇ ಎಂದು ಮೂರು ಸಲ ನೋಡಿದೆ. ಬಾಗಿಲಲ್ಲಿ ಕಾರು ನಿಂತ ಸದ್ದಾದದ್ದೇ ಅಪ್ಪ ಅಡುಗೆಮನೆ ಹೊಕ್ಕು ಕದ ಹಾಕಿಕೊಂಡ.

ಇಳಿದವರು ನಾಲ್ಕು ಜನ. ಅಜ್ಜಿ, ಹೈಸ್ಕೂಲು ಮೇಷ್ಟ್ರಾಗಿರುವ ಅವರ ಮಗ, ಸೊಸೆ, ಮತ್ತು ಹಸಿರು ಲಂಗದಲ್ಲಿ ಮುಖ ಊದಿಸಿಕೊಂಡ ಮೂರು ವರ್ಷದ ಮೊಮ್ಮಗ. ಮೇಷ್ಟ್ರಿಗೆ ದಪ್ಪ ಮೀಸೆ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಮಗುವಿನ ಕೆನ್ನೆಗೆ, ಗಲ್ಲಕ್ಕೆ, ಹಣೆಯ ಅಂಚಿಗೆ, ಎರಡೂ ಪಾದಕ್ಕೆ ಕಾಡಿಗೆಯ ದೃಷ್ಟಿ ಬೊಟ್ಟು. ಇಷ್ಟು ಬೊಟ್ಟು ಒಂದೇ ಮಗುವಿಗೆ ಇಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ. ಅಜ್ಜಿಯ ಕೈಯಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ. ಎಲೆ ಸರಿಸಿದರೆ, ಒದ್ದೆ ಬಟ್ಟೆಯ ಮೇಲೆ ಮೊಗ್ಗು ಪೋಣಿಸಿದ ಜಡೆ ಒಂದಲ್ಲ, ಎರಡು.

"ಎರಡ್ಯಾಕಜ್ಜಿ?"

"ಒಂದು ಹಾಳಾದ್ರೆ ಇನ್ನೊಂದಿರ್ಲಿ ಅಂತ. ನನ್ ಕೈಗುಣ ಸರಿಯಿಲ್ಲ ಕಣವ್ವ" ಎಂದರು ಅಜ್ಜಿ. ಹೂವಿನ ವಿಷಯ ಇರಬೇಕೆಂದುಕೊಂಡೆ.

ಸೊಸೆ ಮಗುವಿನ ಗಿಡ್ಡ ಕೂದಲಿಗೆ ಜಡೆ ಕಟ್ಟಿದ್ದೇ ತಡ, ಅವನು ಮೇಜಿನ ಕೆಳಗೆ ನುಗ್ಗಿ ಕೂತುಬಿಟ್ಟ. "ಜಡೆ ಬ್ಯಾಡ! ನಾನು ಹುಡ್ಗ!"

ಚಾಕೊಲೇಟು ಕೊಟ್ಟೆವು. ತಿಂದ, ಬರಲಿಲ್ಲ. ಕಾಗೆ ಕೂಗಿದ ಹಾಗೆ ಕೂಗಿದೆ. ನಕ್ಕ, ಬರಲಿಲ್ಲ. ಸೊಸೆ ಫೋನ್ ತೋರಿಸಿ ಕರೆದರೆ ಕೈ ಚಾಚಿ ಫೋನನ್ನೇ ಒಳಗೆ ಎಳೆದುಕೊಂಡ. ಸೆಕೆಗೆ ಮೊಗ್ಗುಗಳು ಒಂದೊಂದಾಗಿ ಅರಳತೊಡಗಿದವು. ಅರಳಿದರೆ ಜಡೆಯ ಅಂದ ಕೆಟ್ಟಂತೆಯೇ. ಅಜ್ಜಿ ಬಾಳೆಲೆ ಸರಿಸಿ ಸರಿಸಿ ಇನ್ನೊಂದು ಜಡೆ ನೋಡುತ್ತಿದ್ದರು. ಯಾರನ್ನಾದರೂ ಬೈಯೋಣವೆಂದರೆ ಅಲ್ಲಿ ಬೈಯಲು ಯಾರೂ ಇರಲಿಲ್ಲ.

ಅಜ್ಜಿ ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿದರು. "ಬಾರೋ ನನ್ ಬಂಗಾರ. ನಿಮ್ಮಪ್ಪಂಗೂ ಹಾಕಿದ್ದೆ ಕಣೋ ಜಡೆ."

"ಸುಳ್ಳು!"

"ದೇವ್ರಾಣೆ ಕಣೋ."

"ಫೋಟೋ ತೋರ್ಸು."

ಹುಟ್ಟಿದಂದಿನಿಂದ ಫೋನಿನಲ್ಲಿ ತನ್ನದೇ ಸಾವಿರ ಫೋಟೋ ನೋಡಿದ ಮಗು ಅದು, ಫೋಟೋ ಇಲ್ಲದ್ದನ್ನು ಯಾಕೆ ನಂಬೀತು? ಅಜ್ಜಿ ಬಗ್ಗಿದವರು ಬಗ್ಗಿಯೇ ಇದ್ದರು.

ಅಡುಗೆಮನೆ ಕದ ಕಿರ್ ಎಂದಿತು. ಅಪ್ಪ ಹೊರಗೆ ಬಂದ. ಯಾರ ಮುಖವನ್ನೂ ನೋಡದೆ ನೇರ ಮೇಜಿನ ಹತ್ತಿರ ಹೋಗಿ ಮಗುವಿಗೇ ಹೇಳಿದ.

"ಫೋಟೋ ಇಲ್ಲ ಕಣಪ್ಪ. ನಿಮ್ಮಪ್ಪ ಇದೇ ಕನ್ನಡಿ ಮುಂದೆ ಜಡೆ ಹಾಕ್ಕೊಂಡು ನಿಂತಿದ್ದ, ಚೆನ್ನಾಗಿ ನಕ್ಕಿದ್ದ. ನಾನೇ ಕ್ಯಾಮೆರಾಗೆ ರೀಲು ಹಾಕಿರ್ಲಿಲ್ಲ. ತೊಳೆಯುವಾಗ ಹಾಳಾಯ್ತು ಅಂತ ನಿಮ್ಮಜ್ಜಿಗೆ ಸುಳ್ಳು ಹೇಳ್ದೆ."

ಅಜ್ಜಿ ಮೆಲ್ಲಗೆ ಎದ್ದು ನಿಂತರು. ಈಗ ಬೈಗುಳ ಸುರಿಯುತ್ತದೆ ಎಂದುಕೊಂಡೆ.

"ರೀಲೇ ಹಾಕಿರ್ಲಿಲ್ವಾ?"

"ಇಲ್ಲ ಕಣವ್ವ. ತಪ್ಪಾಯ್ತು."

"ಅಂಗಾರೆ, ದೃಷ್ಟಿ ಆಗಿದ್ದಲ್ವಾ?"

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು. "ಅವತ್ತು ಬಸ್ಸಿಗೆ ಲೇಟಾಯ್ತು ಅಂತ ನಾನು ದೃಷ್ಟಿ ಬೊಟ್ಟು ಇಡೋದು ಮರ್ತಿದ್ದೆ. ಅದಕ್ಕೇ ಫೋಟೋ ಬೀಳ್ಲಿಲ್ಲ, ನಿನ್ ಕೈಗುಣ ಇಷ್ಟೇ ಅಂತ ನಮ್ಮತ್ತೆ ಸಾಯೋಗಂಟ ಅಂದ್ರು. ಯಾರ ಮನೆ ಮಗೀಗೂ ನಾನು ಹೂ ಮುಡುಸ್ಲಿಲ್ಲ ಆಮೇಕೆ. ನನ್ ತಪ್ಪಲ್ವೇ ಅಲ್ಲ ಅಂಗಾರೆ!" ಎಂದವರು ನಗಲು ಶುರುಮಾಡಿದರು. "ಹತ್ತದಿನೈದು ಸಲ ಮಿಂಚು ಹೊಡುದ್ಯಲ್ಲಣ್ಣೋ, ಬರೀ ಡಬ್ಬನಾ ಅದು?" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನಗೂ ಅಳು ಬಂತು, ಮುಚ್ಚಿಡುವುದೇನು.

ಆಗ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು. "ಅಮ್ಮ, ಆ ಇನ್ನೊಂದು ಜಡೆ ತಗೊಂಬಾ ಇಲ್ಲಿ."

"ಯಾಕ್ಲಾ?"

"ನಂಗೆ ಕಟ್ಟು."

ಸೊಸೆ ಕಿಸಕ್ಕೆಂದರು. ಅಜ್ಜಿ ಮಾತ್ರ ನಗಲಿಲ್ಲ. ಮಗನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಗೆ ಟೇಪು ಬಿಗಿದು, ಜಡೆ ಕಟ್ಟಿ, ಕೊನೆಯಲ್ಲಿ ಕುಚ್ಚು ಇಳಿಬಿಟ್ಟರು. ಮೂವತ್ತು ವರ್ಷ ಹೂ ಮುಡಿಸದ ಕೈ ಅದೆಂದು ಯಾರೂ ಹೇಳುವ ಹಾಗಿರಲಿಲ್ಲ. ಮೀಸೆಯ ಮೇಷ್ಟ್ರು ಮೊಗ್ಗಿನ ಜಡೆ ಬೀಸುತ್ತ ಕನ್ನಡಿಯ ಮುಂದೆ ಹೋಗಿ ನಿಂತದ್ದೇ ಮೇಜಿನ ಕೆಳಗಿಂದ ಒಂದು ಕೇಕೆ ಬಂತು. "ಅಪ್ಪಂಗೂ ಜಡೆ!" ಮಗು ಓಡಿಬಂದು ಅಪ್ಪನ ಕಾಲು ತಬ್ಬಿಕೊಂಡಿತು.

ನಾನು ಒಂದರ ಮೇಲೊಂದರಂತೆ ಒತ್ತಿದೆ. ಅಳತೆಗೆ ಸರಿಯಾಗಿ, ಬೆಳಕಿಗೆ ಸರಿಯಾಗಿ, ಮುಖ ಮುಂದೆ, ಜಡೆಗಳೆರಡೂ ಹಿಂದೆ ಕನ್ನಡಿಯಲ್ಲಿ. ಸಾಕೆಂದು ಕ್ಯಾಮೆರಾ ಇಳಿಸುವಾಗ ಅಜ್ಜಿ ನನ್ನ ಭುಜ ಮುಟ್ಟಿದರು.

"ಅವಯ್ಯನ ಕೈಗೂ ಕೊಡು ಒಂದ್ಸಲ."

ಅಪ್ಪ ಬೇಡ ಬೇಡವೆಂದ. "ತೆಗಿ ಅಣ್ಣೋ, ಅವತ್ತಿಂದು ತೆಗಿ" ಎಂದರು ಅಜ್ಜಿ. ಅಪ್ಪ ಕ್ಯಾಮೆರಾ ಹಿಡಿದು, ಮೊದಲು ನನ್ನ ಕಡೆ ತಿರುಗಿ ಪಿಸುಗುಟ್ಟಿದ. "ಕಾರ್ಡ್ ಇದ್ಯೇನೇ?" ಮೇಷ್ಟ್ರು ಅದನ್ನು ಕೇಳಿ ಗೊಳ್ಳೆಂದು ನಕ್ಕರು, ಮಗುವೂ ನಕ್ಕಿತು, ಅಪ್ಪ ಒತ್ತಿದ.

ತುಮಕೂರಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ, ಅಪ್ಪ ತೆಗೆದ ಫೋಟೋ ಸ್ವಲ್ಪ ವಾಲಿದೆ. ಅದು ಹಾಗಿರಲಿ, ಕನ್ನಡಿಯಲ್ಲಿ ಎರಡು ಜಡೆಗಳ ನಡುವೆ ನಮ್ಮಪ್ಪ! ಬನಿಯನ್, ಪಂಚೆ, ಕಣ್ಣಿಗೊತ್ತಿದ ಕ್ಯಾಮೆರಾ, ಹೆದರಿದ ಮುಖ. ನನಗೆ ಪಾಠ ಹೇಳಿದವನು ತಾನೇ ಕನ್ನಡಿಗೆ ಎದುರಾಗಿ ನಿಂತುಬಿಟ್ಟಿದ್ದಾನೆ. ಆದರೆ ಮೇಷ್ಟ್ರ ನಗು, ಮಗುವಿನ ನಗು ನನ್ನ ಯಾವ ಫೋಟೋದಲ್ಲೂ ಹಾಗೆ ಬಂದಿರಲಿಲ್ಲ.

ವಾರದ ಮೇಲೆ ಅಜ್ಜಿ ಸ್ಟುಡಿಯೋಗೆ ಬಂದರು. ಜೊತೆಗೆ ಗುಂಡುತಲೆಯ ಮೊಮ್ಮಗ. ನನ್ನ ಫೋಟೋಗಳನ್ನೆಲ್ಲ ತೋರಿಸಿದೆ. ಅಜ್ಜಿ ಒಂದೊಂದನ್ನೇ ಸರಿಸಿ, ಅಪ್ಪನದರ ಮೇಲೆ ಬೆರಳಿಟ್ಟರು. "ಇದ್ನೇ ದೊಡ್ಡದು ಮಾಡು. ನಡುಮನೆಗೆ ಹಾಕ್ತೀನಿ."

"ಸರಿ ಅಜ್ಜಿ. ಕನ್ನಡೀಲಿ ನಮ್ಮಪ್ಪ ಬಂದ್ಬಿಟ್ಟಿದಾರೆ. ಐದೇ ನಿಮಿಷ, ಅಳಿಸ್ಬಿಡ್ತೀನಿ" ಎಂದು ಮೌಸ್‌ಗೆ ಕೈ ಹಾಕಿದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಅಳುಸ್ಬ್ಯಾಡ. ಅವಯ್ಯ ಅಲ್ಲೇ ಇರ್ಲಿ ಬುಡು. ಮನೆಗ್ ಬಂದೋರು ಕೇಳುದ್ರೆ ತೋರುಸ್ಬೇಕಲ್ಲವ್ವ, ತಪ್ಪು ನಂದಲ್ಲ, ಇವಂದು ಅಂತ."