ಆಕಾಶದಲ್ಲಿ ಬ್ರೇಕ್ ಒತ್ತಿದ ಕಾಲು

ನನ್ನ ಬಲಗಾಲು ನನ್ನ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಕುಳಿತರೆ ತಿರುವು ಬಂದಾಗಲೆಲ್ಲ ನೆಲವನ್ನು ಒತ್ತುತ್ತದೆ. ಆಟೋದಲ್ಲಿ ಒತ್ತುತ್ತದೆ. ಮದುವೆ ಮನೆಯಲ್ಲಿ ಬಡಿಸುವವನು ಸಾಂಬಾರಿನ ಬಕೆಟ್ಟು ಹಿಡಿದು ಸ್ವಲ್ಪ ಜೋರಾಗಿ ಬಂದನೋ, ಮೇಜಿನ ಕೆಳಗೆ ಗಟ್ಟಿಯಾಗಿ ಒತ್ತುತ್ತದೆ. ನಿದ್ದೆಯಲ್ಲೂ ಒತ್ತುತ್ತದೆಂದು ನನ್ನ ಹೆಂಡತಿ ಸರಸಳ ದೂರು. ಕನಸಿನಲ್ಲಿ ನಾನು ಯಾರಿಗೆ ಡ್ರೈವಿಂಗ್ ಕಲಿಸುತ್ತಿರುತ್ತೇನೋ ಗೊತ್ತಿಲ್ಲ, ಏಟು ಮಾತ್ರ ಅವಳ ಮೊಣಕಾಲಿಗೆ ಬೀಳುತ್ತದೆ.

ಬಂಗಾರಪೇಟೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನ ಕಾಲು ಇನ್ನು ಹೇಗಿರಬೇಕು ಹೇಳಿ. ನಮ್ಮ ಕಾರಿನಲ್ಲಿ ಬ್ರೇಕು ಎರಡು. ಕಲಿಯುವವರ ಕಾಲ ಬುಡದಲ್ಲಿ ಒಂದು, ಎಡಗಡೆ ಕೂರುವ ನನ್ನ ಕಾಲ ಬುಡದಲ್ಲಿ ಇನ್ನೊಂದು. ಕ್ಲಚ್ಚೂ ಹಾಗೆಯೇ. ಹೊಸಬರು ಮೊದಲ ದಿನ ರೈಲ್ವೆ ಗೇಟಿನ ಹತ್ತಿರ ಬಂದಾಗ ಯಾವ ಪೆಡಲ್ಲು ಯಾವುದೆಂದೇ ಮರೆತಿರುತ್ತಾರೆ. ಆಗ ನಾನು ಕಿಟಕಿಯಾಚೆ ನೋಡುವವನಂತೆ ನಟಿಸುತ್ತ, ನನ್ನ ಬ್ರೇಕನ್ನು ಮೆಲ್ಲಗೆ ಒತ್ತುತ್ತೇನೆ. ಕಾರು ಹೂವಿನ ಹಾಗೆ ನಿಲ್ಲುತ್ತದೆ. “ನೋಡಿದಿರಾ, ನೀವೇ ನಿಲ್ಲಿಸಿದಿರಿ! ಹೆದರಬೇಡಿ, ನಾನಿದ್ದೇನಲ್ಲ” ಎನ್ನುತ್ತೇನೆ. ಆಗ ಅವರ ಮುಖ ಅರಳುವುದನ್ನು ನೋಡಬೇಕು. ಮರುದಿನ ಒಂದು ಗಂಟೆ ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಇದನ್ನು ನಾನು ಸುಳ್ಳು ಎಂದುಕೊಂಡಿರಲಿಲ್ಲ. ಮಗುವಿಗೆ ಔಷಧಿ ಕುಡಿಸುವಾಗ ಹಚ್ಚುವ ಜೇನುತುಪ್ಪ ಎಂದೇ ತಿಳಿದಿದ್ದೆ, ಮುನಿರತ್ನಮ್ಮ ಬರುವವರೆಗೆ.

ಮುನಿರತ್ನಮ್ಮ ಕ್ಯಾಸಂಬಳ್ಳಿ ಕಡೆಯವರು. ಬೀನ್ಸು, ಟೊಮೆಟೊ ಬೆಳೆಯುತ್ತಾರೆ, ಸೀಮೆಹಸು ಸಾಕಿದ್ದಾರೆ. ಮನೆಯಲ್ಲಿ ಸಾಮಾನು ಸಾಗಿಸುವ ಸಣ್ಣ ಗಾಡಿಯೂ ಇದೆ. ಆದರೆ ಗಂಡನಿಗೆ ಕಣ್ಣಿನ ತೊಂದರೆ ಬಂದು ಓಡಿಸುವಂತಿಲ್ಲ. ಬಾಡಿಗೆ ಡ್ರೈವರ್ ಮನಸ್ಸು ಬಂದ ದಿನ ಬರುತ್ತಾನೆ, ಇಲ್ಲದ ದಿನ ಫೋನು ಆರಿಸಿಡುತ್ತಾನೆ. ಕೊಯ್ದಿಟ್ಟ ತರಕಾರಿ ಅಂಗಳದಲ್ಲೇ ಬಾಡುತ್ತದೆ. ಒಂದು ದಿನ ಹಾಗೆ ಬಾಡಿದ ಬೀನ್ಸನ್ನು ಹಸುವಿಗೆ ಹಾಕಿ ಆಕೆ ನೇರವಾಗಿ ನಮ್ಮ ಸ್ಕೂಲಿಗೆ ಬಂದರು. “ನಂಗೆ ಗಾಡಿ ಓಡ್ಸೋದ್ ಕಲ್ಸಿ ಸಾರ್. ಇನ್ನೊಬ್ರ ದಾರಿ ಕಾಯೋದ್ ಸಾಕಾಗೈತೆ” ಎಂದರು.

ಆಕೆಯದೊಂದು ಪದ್ಧತಿ. ಕಾರು ಹತ್ತುವ ಮುಂಚೆ ಚಪ್ಪಲಿ ಕಳಚಿ ರಸ್ತೆಯ ಪಕ್ಕ ಜೋಡಿಸಿಟ್ಟು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುವುದು. ಅನ್ನ ಕೊಡುವ ವಿದ್ಯೆಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದಂತೆ. ಚಪ್ಪಲಿ ಮರೆತು ಅರ್ಧ ದಾರಿ ಹೋಗಿ, ಅದಕ್ಕಾಗಿ ಹಿಂದೆ ಬಂದದ್ದೂ ಉಂಟು. ಎಷ್ಟೋ ಜನರಿಗೆ ಕಲಿಸಿದ್ದೇನೆ, ಬ್ರೇಕಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ನೋಡಿರಲಿಲ್ಲ. ನನ್ನ ಗುಟ್ಟು ಬಯಲಾದದ್ದೂ ಆ ಬರಿಗಾಲಿನಿಂದಲೇ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬರುವಾಗ ಆಕೆಯ ಕಾಲುಂಗುರ ಕಾರಿನ ತೆಂಗಿನ ನಾರಿನ ಮ್ಯಾಟಿಗೆ ಸಿಕ್ಕಿಕೊಂಡಿತು. ಕಾಲು ಮೇಲೇಳಲಿಲ್ಲ. ಆದರೂ ಕಾರು ಎಂದಿನಂತೆ ಹೂವಿನ ಹಾಗೆ ನಿಂತಿತು. ನಾನು ಅಭ್ಯಾಸಬಲದಿಂದ, “ನೋಡಿದಿರಾ, ನೀವೇ ನಿಲ್ಲಿಸಿದಿರಿ!” ಎಂದೆ.

ಆಕೆ ಬಗ್ಗಿ ತನ್ನ ಕಾಲು ನೋಡಿದರು. ಆಮೇಲೆ ನನ್ನ ಕಾಲು ನೋಡಿದರು.

“ನನ್ ಕಾಲು ಬ್ರೇಕ್ ಮ್ಯಾಲೆ ಇರ್ಲೇ ಇಲ್ವಲ್ಲ ಸಾರ್. ಅಂಗಾರೆ ಇಷ್ಟ್ ದಿನ ಗಾಡಿ ಓಡ್ಸಿದ್ದು ನೀವು. ನಾನು ಸುಮ್ಕೆ ಕುಂತಿದ್ದೆ. ನಾನು ಕಲಿಯಾಕ್ ಬಂದೋಳು ಸಾರ್, ಜಾಲಿ ರೈಡ್ ಓಗಾಕ್ ಬಂದೋಳಲ್ಲ.”

ಕಾಲುಂಗುರ ಬಿಡಿಸಿಕೊಂಡು ಇಳಿದು ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಗಂಡ ಎತ್ತಿ, “ಅವ್ಳು ಬರಾಕಿಲ್ವಂತೆ ಸಾರ್. ತನ್ನ ಕೈಲಿ ಆಗಾಕಿಲ್ಲ ಅಂತಾಳೆ” ಎಂದ. ನನಗೆ ಆಕೆಯ ಕೋಪಕ್ಕಿಂತ ಆ ಕೊನೆಯ ಮಾತು ಚುಚ್ಚಿತು. ಲೈಸೆನ್ಸಿನ ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಒಳ್ಳೆಯ ಕೈ ನನ್ನ ಕಾಲಿನಿಂದ ಕೆಟ್ಟಿತಲ್ಲ ಎಂದು ಊಟ ರುಚಿಸಲಿಲ್ಲ.

ಇದೇ ಹೊತ್ತಿನಲ್ಲಿ ಕೆ.ಜಿ.ಎಫ್.ನ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಿಗೆ ಒಂದು ತಂಡ ಬಂದು ಬಿಡಾರ ಹೂಡಿತು. ಪುಟ್ಟ ವಿಮಾನದಲ್ಲಿ ಮೇಲಕ್ಕೆ ಕರೆದೊಯ್ದು, ಒಬ್ಬ ನುರಿತವನ ಎದೆಗೆ ನಿಮ್ಮ ಬೆನ್ನನ್ನು ಬಿಗಿದು, ಇಬ್ಬರೂ ಒಟ್ಟಿಗೆ ಹಾರುವುದು. ಇಬ್ಬರಿಗೂ ಪ್ಯಾರಾಚೂಟು ಒಂದೇ. ಸರಸ ಪ್ರೈಮರಿ ಶಾಲೆಯ ಟೀಚರು, ಮಕ್ಕಳ ಜೊತೆ ಸೇರಿ ಸೇರಿ ಹೆದರಿಕೆ ಎಂಬುದು ಅವಳಿಗೆ ಮರೆತೇಹೋಗಿದೆ. “ಹೆಸರು ಕೊಟ್ಟು ಬಂದಿದ್ದೀನಿ, ನಿಮ್ಮದೂ ಸೇರಿಸಿ. ಮನೇಲಿ ಮುಖ ಊದಿಸ್ಕೊಂಡು ಕೂತ್ಕೊಳ್ಳೋ ಬದ್ಲು ಒಂದ್ಸಲ ಬಿದ್ದು ಬನ್ನಿ” ಎಂದಳು.

ಬಯಲಿನಲ್ಲಿ ನಮಗೆ ಹೇಳಿಕೊಡಲು ಸಿಕ್ಕವನು ಆಂಟೋನಿ. ಅಲ್ಲೇ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿ ಬೆಳೆದವನು. “ನಮ್ ತಾತ ಮೈನ್ಸ್‌ನಲ್ಲಿ ದಿನಾ ಕೇಜಲ್ಲಿ, ಕಬ್ಬಿಣದ ಲಿಫ್ಟಲ್ಲಿ, ಕೆಳಗ್ ಓಗ್ತಿದ್ರು ಸಾರ್. ಹೊಸಬ್ರು ಬಂದ್ರೆ ಬೆಲ್ಟ್ ಹಿಡ್ಕೊಂಡು ಇಳಿಸೋರಂತೆ. ನಾನೂ ಅದೇ ಕೆಲ್ಸ, ಒಸಿ ಮೇಲಿಂದ ಶುರು ಮಾಡ್ತೀನಿ” ಎಂದು ನಕ್ಕ. ಸರಸ ಏನೂ ಕೇಳಲಿಲ್ಲ. ಹೋದಳು, ಹಾರಿದಳು, ಕಿರುಚಿದಳು, ಇಳಿದಳು, ಕಡಲೆಕಾಯಿ ಕೊಂಡು ತಿನ್ನುತ್ತ ಕುಳಿತಳು. ಜಾತ್ರೆಯ ರಾಟೆ ತೊಟ್ಟಿಲಿನಲ್ಲಿ ಕುಳಿತವರು ತೊಟ್ಟಿಲು ತಿರುಗಿಸುವುದನ್ನು ಕಲಿಯಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲವಲ್ಲ.

ನಾನು ಹಾಗಲ್ಲ. ಮೇಷ್ಟರ ಜಾತಿ. ಮುನಿರತ್ನಮ್ಮನ ಮಾತು ಬೇರೆ ಕಿವಿಯಲ್ಲಿ ಕೂತಿತ್ತು. “ನಾನು ಕಲಿಯೋಕೆ ಬಂದಿದ್ದೀನಪ್ಪ, ನನ್ನ ಕೈಲೂ ಏನಾದರೂ ಮಾಡಿಸು” ಎಂದೆ. ಆಂಟೋನಿ ಸಂತೋಷಪಟ್ಟ. ಬೆಲ್ಟಿನ ಬಲಗಡೆ, ಸೊಂಟದ ಹತ್ತಿರ ಒಂದು ಹಿಡಿ ತೋರಿಸಿದ. ಅವನು ನನ್ನ ಕಣ್ಣ ಮುಂದೆ ಬೆರಳಾಡಿಸಿದಾಗ ನಾನು ಅದನ್ನು ಎಳೆಯಬೇಕು, ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ. ನೆಲದ ಮೇಲೆ ನಿಂತು ಎಷ್ಟೋ ಸಲ ಎಳೆದು ಅಭ್ಯಾಸ ಮಾಡಿದೆ. ಸರಸ ದೂರದಿಂದ ಕಡಲೆಕಾಯಿ ಸಿಪ್ಪೆ ಎಸೆಯುತ್ತ ನೋಡುತ್ತಿದ್ದಳು.

ಮೇಲೆ ಬಾಗಿಲು ತೆಗೆದಾಗ ಆದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನನಗೆ ಸಾಯುವಷ್ಟು ಭಯವಾಯಿತು. ಕಲಿತದ್ದೆಲ್ಲ ಬಾಗಿಲಿನಿಂದ ನನಗಿಂತ ಮೊದಲೇ ಹಾರಿಹೋಯಿತು. ಬೆನ್ನ ಹಿಂದಿನಿಂದ ಆಂಟೋನಿ, “ಪರವಾಯಿಲ್ಲೆ ಸಾರ್, ನಾನಿದೀನಲ್ಲ” ಎಂದ. ಎಲ್ಲೋ ಕೇಳಿದ ಮಾತು ಅನಿಸಿತು, ಯೋಚಿಸುವಷ್ಟರಲ್ಲಿ ಕಾಲ ಕೆಳಗೆ ಏನೂ ಇರಲಿಲ್ಲ. ನನ್ನ ಬಲಗಾಲು ಆಕಾಶದಲ್ಲಿ ಬ್ರೇಕ್ ಒತ್ತಿತು. ಒತ್ತಿತು, ಮತ್ತೂ ಒತ್ತಿತು. ಅಷ್ಟು ದೊಡ್ಡ ಆಕಾಶದಲ್ಲಿ ಒಂದು ಪೆಡಲ್ಲೂ ಸಿಗಲಿಲ್ಲ.

ಆಗ ಕಣ್ಣ ಮುಂದೆ ಬೆರಳು ಆಡಿತು. ನಾನು ಸೊಂಟ ತಡಕಾಡಿ, ಕೈಗೆ ಸಿಕ್ಕ ಹಿಡಿಯನ್ನು ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಮೇಲೆ ಪಟಾರನೆ ಸದ್ದು. ಯಾರೋ ಕಂಕುಳಿಗೆ ಕೈಹಾಕಿ ಎತ್ತಿದ ಹಾಗಾಯಿತು, ಗಾಳಿಯ ಭೋರ್ಗರೆತ ನಿಂತುಹೋಯಿತು. “ಸೂಪರ್ ಸಾರ್! ನೀವೇ ಎಳೆದ್ರಿ!” ಎಂದ ಆಂಟೋನಿ. ಅಬ್ಬ, ಆ ನೆಮ್ಮದಿಯನ್ನು ಏನೆಂದು ಹೇಳಲಿ! ನನಗೆ ಅಳುವೇ ಬಂತು. ಕೆಳಗೆ ಚಿನ್ನ ತೆಗೆದ ಗಣಿಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡಗಳು ಹಿಟ್ಟಿನ ರಾಶಿಯ ಹಾಗೆ ಬಿದ್ದಿದ್ದವು. ಒಂದು ಕಡೆ ಬಂಗಾರಪೇಟೆಗೆ ಹೋಗುವ ರೈಲು ಹಳಿ, ಇನ್ನೊಂದು ಕಡೆ ಕ್ಯಾಸಂಬಳ್ಳಿಯ ಹಸಿರು ತುಂಡುಗಳು. ಅದರಲ್ಲಿ ಯಾವುದೋ ಒಂದು ಮುನಿರತ್ನಮ್ಮನ ಬೀನ್ಸಿನ ತೋಟವಿರಬೇಕು. ನಾನೂ ಎಳೆದೆನಮ್ಮ, ನಾನೇ ಎಳೆದೆ ಎಂದು ಅಲ್ಲಿಂದಲೇ ಕೂಗಬೇಕೆನಿಸಿತು.

ನೆಲ ಹತ್ತಿರ ಬಂತು. “ಕಾಲೆತ್ತಿ ಸಾರ್” ಎಂದ. ಇಳಿಯುವಾಗ ಮುಂದಿರುವವನು ಕಾಲು ಮಡಿಸಿ ಎತ್ತಿಕೊಳ್ಳಬೇಕು, ನಿಲ್ಲಿಸುವ ಕೆಲಸ ಹಿಂದಿನವನದು. ನನ್ನ ಬಲಗಾಲು ಇದನ್ನು ಒಪ್ಪುವುದುಂಟೆ? ನೆಲಕ್ಕೆ ಗುರಿಯಿಟ್ಟು ನೆಟ್ಟಗೆ ಚಾಚಿಕೊಂಡಿತು. “ಕಾಲೆತ್ತಿ ಸಾರ್! ಕಾಲ ತೂಕ್ಕುಂಗೊ!” ಎಂದು ಆಂಟೋನಿ ಕನ್ನಡ, ತಮಿಳು ಎರಡರಲ್ಲೂ ಕೂಗಿದ ಮೇಲೆ ಎತ್ತಿದೆ. ಇಬ್ಬರೂ ಧೂಳಿನಲ್ಲಿ ಸುಖವಾಗಿ ಕುಳಿತೆವು.

ನಾನು ಸರಸಳ ಮುಂದೆ ಎದೆಯುಬ್ಬಿಸಿ, “ನೀನು ಮಾಡಿದ್ದು ಸವಾರಿ, ನಾನು ಮಾಡಿದ್ದು ವಿದ್ಯೆ” ಎಂದೆ. ಆಂಟೋನಿ ತನ್ನ ಮಣಿಕಟ್ಟಿನ ಕ್ಯಾಮೆರಾದ ವಿಡಿಯೋ ತೋರಿಸಿದ. ಅದರಲ್ಲಿ ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಗೆ ಬಿಗಿದ ಬೆಲ್ಟಿನ ಜೋತಾಡುವ ತುದಿಯನ್ನು ಹಗ್ಗಜಗ್ಗಾಟದವನಂತೆ ಎಳೆಯುತ್ತಿದ್ದೆ. ಹಿಡಿ ಅದರ ಪಾಡಿಗೆ ಅದು ಇತ್ತು. ಪ್ಯಾರಾಚೂಟನ್ನು ಬಿಚ್ಚಿದ್ದು ಆಂಟೋನಿಯ ಕೈ. ಸರಸ ನಕ್ಕೂ ನಕ್ಕೂ ಕಡಲೆಕಾಯಿ ಗಂಟಲಿಗೆ ಸಿಕ್ಕಿಸಿಕೊಂಡಳು.

ನನಗೆ ಮೊದಲು ಸಿಟ್ಟು ಬಂತು. ಇದು ನನ್ನದೇ ಕಸುಬಿನ ಮಾತು, ನನ್ನದೇ ಜೇನುತುಪ್ಪ! ಇನ್ನೊಬ್ಬರು ನೆಕ್ಕಿಸಿದಾಗ ರುಚಿ ಬೇರೆಯೇ ಇರುತ್ತದೆ ನೋಡಿ. “ಹಾಗಾದರೆ ಇದು ಪಾಠವೋ ಸವಾರಿಯೋ?” ಎಂದು ಕೇಳಿದೆ.

“ಅದು ಇವತ್ತೇ ಗೊತ್ತಾಗಲ್ಲ ಸಾರ್” ಎಂದ ಆಂಟೋನಿ. “ಮೇಲೆ ಸುಳ್ಳೇಳಿದ್ದು ನಿಮ್ ಭಯಕ್ಕೆ. ಕೆಳಗ್ ಬಂದ್ಮೇಲೆ ಯಾರ್ಗೂ ಸುಳ್ಳೇಳಲ್ಲ, ವಿಡಿಯೋ ತೋರಿಸ್ಬಿಡ್ತೀನಿ. ನೀವ್ ತಿರುಗಾ ಬಂದ್ರೆ ನನ್ ಕೈ ಒಸಿ ದೂರ ಇಡ್ತೀನಿ. ಇನ್ನೊಂದ್ಸಲಕ್ಕೆ ಇನ್ನೊಸಿ ದೂರ. ಒಂದಿನ ನಾನೇ ಬರಲ್ಲ, ನೀವೊಬ್ರೇ ಹಾರ್ತೀರ. ಬರ್ಲಿಲ್ಲಾಂದ್ರೆ ಇವತ್ತಿಂದು ಸವಾರಿ. ಅದೂ ಒಳ್ಳೇದೇ ಸಾರ್, ತಪ್ಪೇನಿಲ್ಲ.”

ಮನೆಗೆ ಬರುವಾಗ ದಾರಿಯುದ್ದಕ್ಕೂ ಇದನ್ನೇ ಮೆಲುಕು ಹಾಕಿದೆ. ನಮ್ಮ ಅಕ್ಷರಾಭ್ಯಾಸವನ್ನೇ ನೋಡಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಬರೆಸುತ್ತೇವೆ. ಇಬ್ಬರು ಒಂದೇ ಬೆಲ್ಟಿನಲ್ಲಿ ಹಾರಿದ ಹಾಗೆಯೇ ಅದು. ಬರೆದದ್ದು ಅಪ್ಪ, ಚಪ್ಪಾಳೆ ಮಗುವಿಗೆ. ಮರುದಿನ ಸ್ಲೇಟು ಬಂದರೆ ಅದು ವಿದ್ಯೆಯ ಮೊದಲ ದಿನ, ಬರದಿದ್ದರೆ ಒಂದು ಒಳ್ಳೆಯ ಫೋಟೋ. ಕೈ ಹಿಡಿಯುವುದರಲ್ಲಿ ಮೋಸವಿಲ್ಲ. ಯಾವತ್ತು ಬಿಡುತ್ತೇನೆಂದು ಹಿಡಿದವನಿಗೆ ಗೊತ್ತಿರಬೇಕು, ಅಷ್ಟೆ. ನನಗೆ ಗೊತ್ತಿತ್ತೇ? ನನಗೆ ಗೊತ್ತಿದ್ದರೂ ನನ್ನ ಬಲಗಾಲಿಗಂತೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರು ತೆಗೆದುಕೊಂಡು ಮುನಿರತ್ನಮ್ಮನ ಮನೆಗೇ ಹೋದೆ. ಆಕೆ ಹಾಲು ಕರೆದು ಮುಗಿಸಿ ಅಂಗಳದಲ್ಲಿ ನಿಂತಿದ್ದರು, ಬನ್ನಿ ಎನ್ನಲಿಲ್ಲ. ನಾನು ಜಗುಲಿಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಬೆಲ್ಟಿನ ತುದಿ ಎಳೆದ ಭಾಗ ಬಂದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು.

“ಅಯ್ಯೋ ದೇವುಡಾ! ನಿಮಗೂ ಅಂಗೇ ಮಾಡುದ್ರಾ? ಒಳ್ಳೇದಾಯ್ತು ಬಿಡಿ!”

“ಆಯಿತಲ್ಲ ಸಮಾಧಾನ? ಈಗ ಬನ್ನಿ. ಇವತ್ತು ನನ್ನ ಕಾಲು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಇಡುತ್ತೇನೆ” ಎಂದೆ. ಆಕೆ ಹಾಲಿನ ಪಾತ್ರೆ ಒಳಗಿಟ್ಟು ಬಂದರು. ಆಮೇಲೆ ಚಪ್ಪಲಿ ಕಳಚಿ ಜೋಡಿಸಿಟ್ಟರು. ಮ್ಯಾಟನ್ನು ನಾನು ಮೊದಲೇ ತೆಗೆದುಹಾಕಿದ್ದೆ.

ಎಡಗಡೆಯ ಸೀಟಿನಲ್ಲಿ ನಾನು ಊಟಕ್ಕೆ ಕೂರುವವನಂತೆ ಎರಡೂ ಕಾಲು ಮಡಿಸಿ ಚಕ್ಕಂಬಕ್ಕಳ ಹಾಕಿ ಕುಳಿತೆ. ಅಗತ್ಯ ಬಿದ್ದರೆ ಹ್ಯಾಂಡ್ ಬ್ರೇಕು ಕೈಗೆಟುಕುವಷ್ಟರಲ್ಲೇ ಇತ್ತು, ಅದನ್ನೂ ಬಾಯಿಬಿಟ್ಟು ಹೇಳಿದೆ. ಕಾರು ಹೊರಟಿತು. ನನ್ನ ಬಲಗಾಲು ತೊಡೆಯ ಕೆಳಗೆ ಒದ್ದಾಡುತ್ತಿತ್ತು. ಕಾಲೆತ್ತಿ ಸಾರ್, ಕಾಲೆತ್ತಿ ಎಂದು ನನಗೆ ನಾನೇ ಹೇಳಿಕೊಂಡೆ.

ಗೇಟು ಬಂತು. ರೈಲು ಬರುವ ಹೊತ್ತು, ಅಡ್ಡಕಂಬ ಇಳಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಬ್ರೇಕ್ ಒತ್ತಬೇಕಾದ ಜಾಗ ದಾಟಿತು. ನನ್ನ ಕೈ ಹ್ಯಾಂಡ್ ಬ್ರೇಕಿನ ಮೇಲೆ ಹೋಯಿತು. ಆಕೆಯ ತುಟಿ ಬಿಗಿಯಿತು. ಬರಿಗಾಲು ಒತ್ತಿತು. ಕಾರು ಹೂವಿನ ಹಾಗಲ್ಲ, ಮೊಂಡು ಎಮ್ಮೆಯ ಹಾಗೆ ಮುಗ್ಗರಿಸಿ, ಎಂಜಿನ್ ಆರಿ ನಿಂತಿತು. ಅಡ್ಡಕಂಬಕ್ಕೂ ನಮಗೂ ನಡುವೆ ಇನ್ನೂ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿತ್ತು. ನಾನು ಇಷ್ಟು ವರ್ಷ ಕಂಡ ಯಾವ ನಿಲುಗಡೆಯೂ ಇಷ್ಟು ಕೆಟ್ಟದಾಗಿರಲಿಲ್ಲ, ನನಗೆ ಇಷ್ಟು ಸಂತೋಷವನ್ನೂ ಕೊಟ್ಟಿರಲಿಲ್ಲ.

ರೈಲು ಧಡಧಡನೆ ಹೋಯಿತು. ಮುನಿರತ್ನಮ್ಮ ಸ್ಟೇರಿಂಗಿನಿಂದ ಕೈ ತೆಗೆಯದೆ ನನ್ನ ಮಡಿಸಿದ ಕಾಲುಗಳನ್ನು ನೋಡಿದರು. ಪರೀಕ್ಷೆಯಲ್ಲಿ ಆಕೆ ಪಾಸಾದದ್ದು, ತರಕಾರಿ ಗಾಡಿ ತಾನೇ ಮಾರ್ಕೆಟ್ಟಿಗೆ ತರುವಂತಾದದ್ದು ಆಮೇಲಿನ ಮಾತು. ನನ್ನ ಪಾಲಿಗೆ ಆಕೆ ಪಾಸಾದದ್ದು ಅಲ್ಲೇ.

“ಕಾಲ್ ಇಳಿಸ್ಕಳಿ ಸಾರ್, ಜೋಮ್ ಇಡಿದಿರ್ತೈತೆ. ಎದ್ರುಕೋಬ್ಯಾಡಿ, ನಾನಿದೀನಲ್ಲ” ಎಂದರು.

ಆಂಟೋನಿಯ ಬಳಿಗೆ ನಾನು ಮತ್ತೆ ಹೋಗಲಿಲ್ಲ, ಹೋಗುವುದೂ ಇಲ್ಲ. ನನ್ನದು ಸವಾರಿಯೇ ಎಂದು ಸರಸಳ ಮುಂದೆ ಒಪ್ಪಿಕೊಂಡಾಗಿದೆ. ಆ ಬೆಳಿಗ್ಗೆ ಗೇಟು ತೆರೆದ ಮೇಲೆ ಬಂಗಾರಪೇಟೆ ಬರುವವರೆಗೂ ನಾನು ನಿಜವಾಗಿಯೂ ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ. ಆ ರಸ್ತೆಯ ಪಕ್ಕದಲ್ಲಿ ಅಷ್ಟೊಂದು ಹೊಂಗೆ ಮರಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.