ಬದುಕಿದ ಒಂದೇ ಹತ್ತಿ ಗಿಡ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತೇನೆ. ಮೂರನೆಯದಕ್ಕೆ ಕೇಳಿದವರ ಕಣ್ಣು ಬಸ್ಸಿನ ಬೋರ್ಡಿನ ಕಡೆ ಹೊರಳುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಗಾಯವಾದ ಗಿಡದೊಳಗೆ ತನ್ನ ಕೆಲವು ಜೀನುಗಳನ್ನು ಸೇರಿಸುವುದು ಅದರ ಹುಟ್ಟುಗುಣ. ಆ ಜೀನುಗಳನ್ನು ತೆಗೆದು, ನಮಗೆ ಬೇಕಾದದ್ದನ್ನು ಅದರ ಕೈಲಿ ಕೊಟ್ಟು ಗಿಡದೊಳಗೆ ಕಳಿಸುತ್ತೇವೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನಾನು ಹತ್ತಿಗೆ ಕಳಿಸುತ್ತಿದ್ದದ್ದು ಕಾಯಿಕೊರಕ ಹುಳುವನ್ನು ಕೊಲ್ಲುವ ಜೀನು.

ಹೇಳಲು ಸುಲಭ, ಆದರೆ ಹತ್ತಿಯಂಥ ಹಟಮಾರಿ ಬೆಳೆ ಇನ್ನೊಂದಿಲ್ಲ. ಮೊಳಕೆಯ ದಂಟನ್ನು ಚೂರು ಮಾಡಿ, ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ಅದ್ದಿ, ಔಷಧಿ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಇಡಬೇಕು. ಆ ಔಷಧಿಯನ್ನು ತಡೆಯುವ ಶಕ್ತಿಯನ್ನೂ ಜೀನಿನ ಜೊತೆಗೇ ಕಳಿಸಿರುತ್ತೇವೆ. ಹಾಗಾಗಿ ಜೀನು ಸೇರಿದ ಚೂರು ಬದುಕುತ್ತದೆ, ಉಳಿದವು ಕಂದಾಗಿ ಸಾಯುತ್ತವೆ. ಎರಡು ವರ್ಷ ನಾನು ನೋಡಿದ್ದು ಹೆಚ್ಚಾಗಿ ಕಂದು ಬಣ್ಣವನ್ನೇ. ಕೆಲಸಕ್ಕೆ ಕೂತಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಮಾತಾಡುವಂತಿಲ್ಲ. ಉಸಿರು ತಾಗಿದರೂ ಬೂಷ್ಟು ಹಿಡಿಯುತ್ತದೆ. ಮೊದಮೊದಲು ಅದು ನಿಯಮವಾಗಿತ್ತು, ಆಮೇಲೆ ನನ್ನ ಸ್ವಭಾವವೇ ಆಯಿತು. ಬಾಡಿಗೆ ಕೋಣೆಗೆ ಬಂದ ಮೇಲೂ ಬಾಯಿ ಬಿಡುವ ಪ್ರಸಂಗ ಬರುತ್ತಿರಲಿಲ್ಲ. ನಾನು ಒಂಟಿಯಾಗಿದ್ದೇನೆ ಎಂದು ತಿಳಿಯಲು ನನಗೆ ತುಂಬ ಕಾಲ ಹಿಡಿಯಿತು.

ಕೊನೆಗೆ ಒಂದೇ ಒಂದು ಚೂರು ಹಸಿರಾಗಿ ಗಿಡವಾಯಿತು. ಪರೀಕ್ಷಿಸಿದಾಗ ಜೀನು ಒಳಗಿತ್ತು. ಅದನ್ನು ಕುಂಡಕ್ಕೆ ಹಾಕಿ, ಎರಡು ಬಾಗಿಲಿನ ಹಸಿರುಮನೆಯಲ್ಲಿಟ್ಟು, ಉಪ್ಪಿನಬೆಟಗೇರಿಯಲ್ಲಿದ್ದ ಅವ್ವನಿಗೆ ಫೋನು ಮಾಡಿದೆ. ಹೂ ಬಿಟ್ಟ ದಿನ ಮತ್ತೆ ಮಾಡಿದೆ. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಶೀಗಿ ಹುಣ್ಣಿಮೆಯ ದಿನ ಪ್ರಯೋಗಾಲಯ ಖಾಲಿ. ಪರಾಗ ಹೊರಗೆ ಹೋಗದಂತೆ ಹೂಗಳಿಗೆ ಚೀಲ ಕಟ್ಟಲು ನಾನೊಬ್ಬಳೇ ಬಂದಿದ್ದೆ. ಮಧ್ಯಾಹ್ನ ನೋಡಿದರೆ ಹಸಿರುಮನೆಯ ಹೊರಬಾಗಿಲಲ್ಲಿ ಅವ್ವ ನಿಂತಿದ್ದಳು. ಪೈರು ಬಸುರಿ ಎಂದು ಆ ದಿನ ಅಡುಗೆ ಒಯ್ದು ಹೊಲದ ತುಂಬ ಚರಗ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಬೆಳಿಗ್ಗೆ ನಮ್ಮ ಹೊಲಕ್ಕೆ ಚೆಲ್ಲಿ, ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತು ಬಸ್ಸು ಹತ್ತಿ ಬಂದಿದ್ದಳು.

“ಹೂ ಬಿಟ್ಟೈತಿ ಅಂದ್ಯಲ್ಲ. ಬಸರಿ ಇದ್ದಂಗ ಅಲ್ಲೇನು ಅದು? ನಾಕು ತುತ್ತು ಚೆಲ್ಲಿ ಹೋಗತೇನಿ.”

ಬುಟ್ಟಿಯಲ್ಲಿ ಕಡಬು, ಹೋಳಿಗೆ, ಮೊಸರನ್ನ ಇದ್ದವು. ನನ್ನ ಕಣ್ಣಿಗೆ ಇರುವೆ, ಬೂಷ್ಟು ಮಾತ್ರ ಕಂಡವು.

“ಯವ್ವಾ, ಒಳಗ ಅನ್ನ ಒಯ್ಯಾಂಗಿಲ್ಲ. ಎರಡು ವರ್ಷದ ಕೆಲಸ ಹಾಳಾಗತೈತಿ.”

“ಹಂಗಾದ್ರ ದೂರಿಂದರ ತೋರ್ಸವಾ.”

ಬುಟ್ಟಿ ಹೊರಗಿರಿಸಿ, ಒಳಬಾಗಿಲ ಗಾಜಿನಿಂದ ತೋರಿಸಬಹುದಿತ್ತು. ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಆದರೆ ಹುಳುವಿನ ಪರೀಕ್ಷೆ ಇನ್ನೂ ಬಾಕಿ ಇತ್ತು, ತೋರಿಸಿದರೆ ಗೆದ್ದ ಗಿಡವನ್ನೇ ತೋರಿಸಬೇಕೆಂಬ ಹಮ್ಮು ನನ್ನದು. “ಕಾಯಿ ಬಲೀಲಿ, ಆವಾಗ ತೋರಸ್ತೇನಿ,” ಅಂದೆ. ಅವ್ವ ಬುಟ್ಟಿಯನ್ನು ನನ್ನ ಕೈಗಿಟ್ಟು, ನೀರೂ ಕುಡಿಯದೆ ಬಸ್ಸಿಗೆ ಹೋದಳು.

ಮುಂದಿನ ವಾರ ಆ ಗಿಡದ ಎಲೆಗಳನ್ನು ಡಬ್ಬಿಯಲ್ಲಿಟ್ಟು ಹುಳು ಬಿಟ್ಟೆ. ಎಲೆ ತಿಂದ ಹುಳು ಸಾಯಬೇಕಿತ್ತು. ಮೂರನೇ ದಿನ ನೋಡಿದರೆ ನರಗಳನ್ನಷ್ಟೇ ಉಳಿಸಿ ಎಲೆ ತಿಂದು, ಉಂಡ ಬೀಗರ ಹಾಗೆ ಗುಂಡಗೆ ಬಿದ್ದುಕೊಂಡಿದ್ದವು. ಮತ್ತೆರಡು ಸಲ ಮಾಡಿದರೂ ಅದೇ ಕತೆ. ಜೀನು ಗಿಡದೊಳಗಿತ್ತು, ಕೆಲಸ ಮಾಡುತ್ತಿರಲಿಲ್ಲ. ಗಿಡದ ಸ್ವಂತ ಜೀನುಗಳ ನಡುವೆ ಅದು ಎಲ್ಲಿ ಹೋಗಿ ಕೂರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ತಪ್ಪು ಜಾಗದಲ್ಲಿ ಕೂತರೆ ಸುಮ್ಮನಾಗಿಬಿಡುತ್ತದೆ. ಇದೆಲ್ಲ ಓದಿ ತಿಳಿದವಳೇ ನಾನು. ಆದರೂ ಡಬ್ಬಿಗಳ ಮುಂದೆ ಕೂತು ಅತ್ತೆ.

ಇಂಥ ಗಿಡವನ್ನು ಹೊರಗೆ ಎಸೆಯುವಂತಿಲ್ಲ. ಎಳೆಗಾಯಿ, ಬೇರು ಸಮೇತ ಕಿತ್ತು, ಚೀಲಕ್ಕೆ ತುಂಬಿ ಭಟ್ಟಿಯಲ್ಲಿ ಸುಡಬೇಕು. ನಾನೇ ಸುಟ್ಟೆ. ಸುಟ್ಟದ್ದರ ದಾಖಲೆ ಪುಸ್ತಕದಲ್ಲಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದವರು ಚೀಲದ ಕಡೆ ನೋಡಲೂ ಇಲ್ಲ.

ಕೋಣೆಗೆ ಬಂದು ಅವ್ವನಿಗೆ ಫೋನು ಮಾಡಿ, ಸುಟ್ಟುಬಂದೆ ಎಂದು ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೇಳಿದ್ದು ಇಷ್ಟೇ:

“ಎಷ್ಟೆತ್ತರ ಆಗಿತ್ತವಾ ಅದು?”

“ಇಷ್ಟು,” ಎಂದು ಫೋನು ಹಿಡಿಯದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದೆ. ಅವಳಿಗೆ ಕಾಣುವುದಿಲ್ಲ ಎಂಬುದು ಹೊಳೆದ ಮೇಲೂ ಕೈಯನ್ನು ಇಳಿಸಲಿಲ್ಲ.