ಇಪ್ಪತ್ತೊಂಬತ್ತಿಲ್ಲದ ಫೆಬ್ರುವರಿ

ಲುಂಡ್‌ನಲ್ಲಿ ನನ್ನ ಕೆಲಸ ಹವಾಮಾನದ ಮಾದರಿಗಳಿಗೆ ದಿನ ಎಣಿಸಿಕೊಡುವುದು. ಕಂಪ್ಯೂಟರಿನೊಳಗೆ ಮಳೆ ಸುರಿಸುವವರು, ಸಮುದ್ರ ಕಾಯಿಸುವವರು ಬೇರೆ ಇದ್ದರು. ಇವತ್ತು ಯಾವ ತಾರೀಖು ಎಂದು ಆ ಮಾದರಿಗೆ ಹೇಳುವ ಪುಟ್ಟ ಪ್ರೋಗ್ರಾಮ್ ಮಾತ್ರ ನನ್ನದು. ಅಧಿಕ ವರ್ಷ ಬಂದರೆ ಸರಾಸರಿ ತೆಗೆಯಲು ತೊಡಕೆಂದು ಎಲ್ಲ ವರ್ಷಕ್ಕೂ ಒಂದೇ ಅಳತೆ ಮಾಡಿ, ಫೆಬ್ರುವರಿ ಇಪ್ಪತ್ತೊಂಬತ್ತನ್ನು ಕಿತ್ತುಹಾಕಿದ್ದೆ. ಈ ಕಸುಬಿನಲ್ಲಿ ಅನೇಕರು ಹಾಗೆ ಮಾಡುತ್ತಾರೆ.

ನನ್ನ ಮಗಳು ಹುಟ್ಟಿದ್ದು 2012ರ ಫೆಬ್ರುವರಿ ಇಪ್ಪತ್ತೊಂಬತ್ತರಂದು.

ಅವಳಿಗೆ ಆರು ತುಂಬುವ ವರ್ಷ ಡಾಗಿಸ್‌ನ, ಅಂದರೆ ಇಲ್ಲಿನ ಶಿಶುವಿಹಾರದ, ಟೀಚರ್ ಕೇಳಿದರು, ಹುಟ್ಟುಹಬ್ಬದ ಕಾಗದದ ಕಿರೀಟ ಯಾವ ದಿನ ತೊಡಿಸೋಣ ಎಂದು. ಹೆಂಡತಿ ಇಪ್ಪತ್ತೆಂಟು ಎಂದಳು. ನನಗೆ ಮಾರ್ಚ್ ಒಂದು ಸರಿ ಎನಿಸಿತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ, “ಅದೆಂಥ ತಾರೀಖೋ! ಜನ್ಮನಕ್ಷತ್ರ ನೋಡಿ ಮಾಡ್ರೋ” ಎಂದು ಮೂರನೆಯದೊಂದು ದಿನ ಹೇಳಿದಳು. ಮೂರೂ ಸರಿಯೆನಿಸುತ್ತಿತ್ತು, ಯಾವುದೂ ಮಗಳ ದಿನವಲ್ಲ ಎಂದೂ ಅನಿಸುತ್ತಿತ್ತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ, ಹಾಗಾಗಿತ್ತು ನನ್ನ ಪಾಡು. ಟೀಚರ್ ಕಂಡರೆ ‘ನಾಳೆ ಹೇಳುತ್ತೇನೆ’ ಎಂದು ಸೈಕಲ್ ಹತ್ತುತ್ತಿದ್ದೆ.

ಡಾಗಿಸ್‌ಗೆ ರಜೆಯಿದ್ದ ಒಂದು ದಿನ ಮಗಳನ್ನು ಆಫೀಸಿಗೆ ಕರೆತಂದೆ. ಪರದೆಯ ಮೇಲೆ ಮಾದರಿಯ ತಾರೀಖುಗಳು ಸಾಲಾಗಿ ಏರುತ್ತಿದ್ದವು. ಒಂದು ಬಾಳೆಹಣ್ಣು ತಿಂದು ಮುಗಿಸುವಷ್ಟರಲ್ಲಿ ಒಂದು ವರ್ಷ ಕಳೆಯುತ್ತಿತ್ತು.

“ಪಪ್ಪಾ, ಇದ್ರಲ್ಲಿ ನನ್ ದಿನ ಬರತ್ತಾ?”

“ನಾಲ್ಕು ವರ್ಷಕ್ಕೆ ಒಂದ್ಸಲ ಬರತ್ತೆ ಪುಟ್ಟಿ,” ಎಂದುಬಿಟ್ಟೆ. ಮನೆಯಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು.

ಅವಳು ಬೆರಳು ಮಡಚುತ್ತಾ ಕುಳಿತಳು. ನಾಲ್ಕನೆಯ ಬೆರಳು ಮಡಚಿದ ವರ್ಷವೂ ಇಪ್ಪತ್ತೆಂಟಾದ ಮೇಲೆ ಮಾರ್ಚ್ ಒಂದು ಬಂತು. ಆಗಲೇ ನನಗೆ ಹೊಳೆದದ್ದು.

“ಬರ್ಲೇ ಇಲ್ಲ. ಯಾರು ತೆಗೆದಿದ್ದು?”

“ನಾನೇ. ಎಲ್ಲಾ ವರ್ಷ ಒಂದೇ ಥರ ಇರ್ಲಿ ಅಂತ.”

“ನಾನು ಹುಟ್ಟಿದ್ಮೇಲಾ?”

“ಹೂಂ,” ಎಂದೆ. ಸರಾಸರಿ, ಲೆಕ್ಕ ಎಂದೇನೋ ತಡವರಿಸಿದೆ. ನಾನು ಹೇಳುತ್ತಿದ್ದುದು ನನಗೇ ಅರ್ಥವಾಗುತ್ತಿರಲಿಲ್ಲ.

ಅವಳು ಅಳಲಿಲ್ಲ. ಪರದೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ನನ್ನ ತೋಳು ಹಿಡಿದುಕೊಂಡಳು.

“ಟೀಚರ್‌ಗೆ ಇಪ್ಪತ್ತೆಂಟು ಅಂತ ಹೇಳು. ಅದನ್ನ ಮಾತ್ರ ತೆಗೀಬೇಡ, ಪಪ್ಪಾ.”